ಪರದೇಶಕ್ಕೆ ಹೊರಟಾಗ ರೊಕ್ಕ ಹ್ಯಾಂಗ ಒಯ್ಯಬೇಕು? ಕಲಬುರಗಿ ಮಂದಿ ಪದೇ ಪದೇ ಕೇಳುವ ಪ್ರಶ್ನೆಗಳು

ಬ್ಯಾಂಕಿನ ನೌಕರಿಯಿಂದ ನಿವೃತ್ತಳಾಗಿ ವರ್ಷಗಳಾದವು, ಆದರೆ ಕೌಂಟರ್ ಇನ್ನೂ ನನ್ನ ಬೆನ್ನು ಬಿಟ್ಟಿಲ್ಲ. ಬೆಳಿಗ್ಗೆ ಅಪ್ಪನ ಕೆರೆ ದಂಡೆಗೆ ವಾಕಿಂಗ್ ಹೋದರೆ ಅಲ್ಲೇ ಹಿಡಿದು ನಿಲ್ಲಿಸುತ್ತಾರೆ. ಒಬ್ಬರಿಗೆ ಮಕ್ಕಾ ಯಾತ್ರೆಯ ಉಮ್ರಾ, ಒಬ್ಬರಿಗೆ ದುಬೈಯಲ್ಲಿರುವ ಮಗನ ಮನೆ, ಇನ್ನೊಬ್ಬರಿಗೆ ಲುಂಬಿನಿ, ತೊಗರಿ ವ್ಯಾಪಾರದ ಗೆಳೆಯರ ಗುಂಪಿಗೆ ಬ್ಯಾಂಕಾಕ್. ಟಿಕೆಟ್ ಎಲ್ಲಿ ಅಗ್ಗ ಅಂತ ಎಲ್ಲರಿಗೂ ಗೊತ್ತು. ಅಲ್ಲಿ ಹೋಗಿ ರೊಕ್ಕ ಹೇಗೆ ಕೊಡಬೇಕು ಅನ್ನುವುದು ಮಾತ್ರ ಹೈದರಾಬಾದಿನ ಶಂಶಾಬಾದ್ ವಿಮಾನ ನಿಲ್ದಾಣದಲ್ಲಿ ನಿಂತಾಗ ನೆನಪಾಗುತ್ತದೆ. ಹೇಳಿದ್ದೇ ಹೇಳಿ ಸಾಕಾಗಿದೆ. ಅದಕ್ಕೇ ಇಲ್ಲಿ ಬರೆದಿಟ್ಟಿದ್ದೇನೆ, ಪ್ರಶ್ನೆಗಳನ್ನು ಅವರು ಕೇಳಿದ ಮಾತಿನಲ್ಲೇ.

ಮೇಡಂ, ಸುತ್ತಿ ಬಳಸಿ ಬ್ಯಾಡ. ಒಂದೇ ಮಾತಿನ್ಯಾಗ ಹೇಳ್ರಿ, ಯಾವುದು ಬೆಸ್ಟ್?

ಒಂದೇ ಮಾತಾದರೆ: ದೊಡ್ಡ ಖರ್ಚು ಕಾರ್ಡಿನಲ್ಲಿ, ಸಣ್ಣ ಖರ್ಚು ಆ ದೇಶದ ನೋಟಿನಲ್ಲಿ, ಮತ್ತು ಬೇರೆ ಬ್ಯಾಂಕಿನ ಇನ್ನೊಂದು ಕಾರ್ಡ್ ಬೇರೆ ಚೀಲದಲ್ಲಿ.

ಒಂದು ವಾರದ ಪ್ರವಾಸಕ್ಕೆ ಕೈಖರ್ಚು 60,000 ರೂಪಾಯಿ ಅಂದುಕೊಂಡರೆ ಹತ್ತು ಹನ್ನೆರಡು ಸಾವಿರದಷ್ಟು ಅಲ್ಲಿಯ ನೋಟು ಇರಲಿ, ಉಳಿದದ್ದು ಕಾರ್ಡಿನಲ್ಲಿ. ನೋಟು ಕಳೆದರೆ ಕಳೆದಂತೆಯೇ. ಕಾರ್ಡ್ ಕಳೆದರೆ ಬಂದ್ ಮಾಡಿಸಬಹುದು. ಆದರೆ ಒಂದೇ ಕಾರ್ಡ್ ನಂಬಿ ಹೋದವರು ಅದು ಎಟಿಎಮ್ಮಿನೊಳಗೆ ಸಿಕ್ಕಿಕೊಂಡ ದಿನ ಅಳುತ್ತಾ ಮನೆಗೆ ಫೋನ್ ಮಾಡಿದ್ದನ್ನು ನಾನು ಕಂಡಿದ್ದೇನೆ.

ನನ್ನ ಕಾರ್ಡ್ ಸೂಪರ್ ಮಾರ್ಕೆಟ್‌ನ್ಯಾಗ ಎಲ್ಲಾ ಅಂಗಡ್ಯಾಗ ನಡೀತದ. ಅಲ್ಲಿ ಯಾಕ ನಡಿಯಲ್ಲ?

ಅದರ ಪರದೇಶದ ಬಾಗಿಲು ಮುಚ್ಚಿರುತ್ತದೆ, ಅದಕ್ಕೆ. ರಿಸರ್ವ್ ಬ್ಯಾಂಕ್ 2020ರಲ್ಲಿ ತಂದ ನಿಯಮದ ಪ್ರಕಾರ ಹೊಸ ಕಾರ್ಡ್ ಕೈಗೆ ಬಂದಾಗ ಅದು ಭಾರತದ ಎಟಿಎಂ ಮತ್ತು ಅಂಗಡಿಯ ಸ್ವೈಪ್ ಯಂತ್ರದಲ್ಲಿ ಮಾತ್ರ ನಡೆಯುತ್ತದೆ. ಪರದೇಶದ ಬಳಕೆ, ಆನ್‌ಲೈನ್ ಬಳಕೆ, ಯಂತ್ರಕ್ಕೆ ತಾಗಿಸಿ ಕೊಡುವ ಸೌಲಭ್ಯ, ಈ ಮೂರನ್ನೂ ನಾವೇ ಆನ್ ಮಾಡಿಕೊಳ್ಳಬೇಕು. ಬ್ಯಾಂಕಿನ ಆ್ಯಪ್‌ನಲ್ಲಿ ಕಾರ್ಡಿನ ವಿಭಾಗಕ್ಕೆ ಹೋದರೆ ಪ್ರತಿಯೊಂದಕ್ಕೂ ಒಂದೊಂದು ಗುಂಡಿ, ಪಕ್ಕದಲ್ಲಿ ದಿನದ ಮಿತಿ ಇರುತ್ತದೆ. ಬಹಳ ಜನ ಗುಂಡಿ ಒತ್ತಿ ಮಿತಿಯನ್ನು ಸೊನ್ನೆಯಲ್ಲೇ ಬಿಡುತ್ತಾರೆ. ಆಮೇಲೆ ‘ಆನ್ ಮಾಡೀನಿ, ಆದ್ರೂ ನಡಿವಲ್ದು’ ಅಂತ ಫೋನ್.

ಇನ್ನೊಂದು, ರುಪೇ ಕಾರ್ಡ್. ನಮ್ಮ ಕಡೆ ಹೆಚ್ಚಿನವರ ಕೈಯಲ್ಲಿರುವುದು ಅದೇ. ಕಾರ್ಡನ್ನು ತಿರುವಿ ಬೆನ್ನು ನೋಡಿ. ಡಿಸ್ಕವರ್, ಡೈನರ್ಸ್ ಕ್ಲಬ್, ಪಲ್ಸ್ ಗುರುತುಗಳಿದ್ದರೆ ಆ ಜಾಲಗಳನ್ನು ಒಪ್ಪುವ ಅಂಗಡಿಯಲ್ಲಿ, ಎಟಿಎಮ್ಮಿನಲ್ಲಿ ನಡೆಯುತ್ತದೆ. ಇಲ್ಲದಿದ್ದರೆ ಅದು ದೇಶದೊಳಗಿನ ಕಾರ್ಡ್, ಮನೆಯಲ್ಲಿ ಬಿಟ್ಟು ಹೋಗಿ. ಗುರುತು ಇದ್ದರೂ ಜೊತೆಗೆ ಒಂದು ವೀಸಾ ಅಥವಾ ಮಾಸ್ಟರ್‌ಕಾರ್ಡ್ ಇರಲಿ.

ಅವಧಿ ಮುಗಿಯುವ ತಿಂಗಳನ್ನೂ ಒಮ್ಮೆ ನೋಡಿಕೊಳ್ಳಿ.

ಒಟಿಪಿ ಅಲ್ಲಿಗೆ ಬರ್ತದೇನ್ರಿ?

ಸಿಮ್‌ಗೆ ರೋಮಿಂಗ್ ಹಾಕಿಸಿದ್ದರೆ ಬರುತ್ತದೆ. ಊರು ಬಿಡುವ ಮೊದಲೇ ಹಾಕಿಸಬೇಕು. ಅಲ್ಲಿಗೆ ಹೋದ ಮೇಲೆ ನೆಟ್‌ವರ್ಕೇ ಇಲ್ಲದ ಫೋನಿನಿಂದ ಏನನ್ನೂ ಹಾಕಿಸಲಾಗದು. ಅಲ್ಲಿಯ ಸಿಮ್ ಕೊಂಡರೂ ನಮ್ಮದನ್ನು ತೆಗೆದು ಪರ್ಸಿನಲ್ಲಿ ಇಡಬೇಡಿ. ಎರಡು ಸಿಮ್‌ಗೆ ಜಾಗವಿರುವ ಫೋನಾದರೆ ಎರಡೂ ಒಳಗೇ ಇರಲಿ.

ಇದಕ್ಕಿಂತ ದೊಡ್ಡ ತೊಡಕು ಬೇರೆಯೇ ಇದೆ. ನಮ್ಮ ಓಣಿಯ ಅಜ್ಜಿಯೊಬ್ಬರು ಮಗಳ ಬಾಣಂತನಕ್ಕೆಂದು ಮಸ್ಕತ್‌ಗೆ ಹೋದರು. ಕಾರ್ಡ್ ಇತ್ತು, ಪಿನ್ ಬಾಯಿಪಾಠ ಇತ್ತು. ಆದರೂ ಪಿನ್ ಮೂರು ಸಲ ತಪ್ಪಾಗಿ ಒತ್ತಿ ಕಾರ್ಡ್ ಬಂದ್ ಆಯಿತು. ಹೊಸ ಪಿನ್ ಮಾಡಲು ಒಟಿಪಿ ಬೇಕು. ಖಾತೆಗೆ ಜೋಡಿಸಿದ್ದು ಹಿರಿಯ ಮಗನ ನಂಬರು. ಆತ ಅಫಜಲಪುರದ ಹೊಲದಲ್ಲಿ ಕಬ್ಬಿಗೆ ನೀರು ಬಿಡುತ್ತಿದ್ದ, ಫೋನ್ ಮನೆಯಲ್ಲಿ ಚಾರ್ಜಿಗೆ ಹಾಕಿದ್ದ. ಸಂಜೆಯವರೆಗೆ ಒಬ್ಬರಿಗೊಬ್ಬರು ಫೋನ್ ಮಾಡಿದ್ದೇ ಮಾಡಿದ್ದು. ನಮ್ಮಲ್ಲಿ ಹಿರಿಯರ ಖಾತೆಗಳಲ್ಲಿ ಅರ್ಧಕ್ಕರ್ಧ ಹೀಗೇ ಮಗನದೋ ಮೊಮ್ಮಗನದೋ ನಂಬರು ಹಾಕಿರುತ್ತಾರೆ. ಹೊರಡುವ ಹದಿನೈದು ದಿನ ಮೊದಲು ಶಾಖೆಗೆ ಹೋಗಿ ನಿಮ್ಮ ಜೊತೆ ಬರುವ ಫೋನಿನ ನಂಬರು ಬರೆಸಿ. ಇದು ಕಲಬುರಗಿಯಲ್ಲೇ ಆಗಬೇಕಾದ ಕೆಲಸ, ಮಸ್ಕತ್‌ನಿಂದ ಆಗದು.

ಕಾರ್ಡ್ ತಿಕ್ಕಿದ್ರ ಎಷ್ಟು ಮುರೀತಾರ?

ಬ್ಯಾಂಕ್ ಬ್ಯಾಂಕಿಗೆ ಬೇರೆ. ಪರದೇಶದ ನಾಣ್ಯದ ಖರ್ಚಿನ ಮೇಲೆ ‘ಮಾರ್ಕಪ್’ ಅಂತ ಸಾಮಾನ್ಯವಾಗಿ ಶೇ. 2ರಿಂದ 3.5 ಹಾಕುತ್ತಾರೆ, ಅದರ ಮೇಲೆ ಶೇ. 18 ಜಿಎಸ್‌ಟಿ. 60,000 ರೂಪಾಯಿ ಖರ್ಚು ಮಾಡಿದಿರಿ, ಮಾರ್ಕಪ್ ಶೇ. 3.5 ಅನ್ನಿ. 2,100 ರೂಪಾಯಿ ಮಾರ್ಕಪ್, 378 ಜಿಎಸ್‌ಟಿ, ಒಟ್ಟು 2,478. ಶೇ. 2ರ ಕಾರ್ಡಾಗಿದ್ದರೆ 1,416. ಒಂದು ಸಾವಿರಕ್ಕೂ ಮೇಲೆ ವ್ಯತ್ಯಾಸ. ಮಾರ್ಕಪ್ಪೇ ಇಲ್ಲದ ಕಾರ್ಡುಗಳೂ ಈಗ ಬಂದಿವೆ. ವರ್ಷದ ಶುಲ್ಕ ಎಷ್ಟು ಅಂತ ಕೇಳಿಕೊಂಡು ತೆಗೆದುಕೊಳ್ಳಿ.

‘ನನಗೆ ಪಾಯಿಂಟ್ ಬರ್ತಾವ’ ಅಂತ ಹಿಗ್ಗುವವರಿಗೆ ಒಂದು ಮಾತು. ನೂರು ರೂಪಾಯಿಗೆ ಒಂದು ರೂಪಾಯಿಯ ಪಾಯಿಂಟ್ ಕೊಟ್ಟು ಜಿಎಸ್‌ಟಿ ಸೇರಿ ನಾಲ್ಕು ರೂಪಾಯಿ ಮಾರ್ಕಪ್ ತೆಗೆದುಕೊಂಡರೆ ಯಾರಿಗೆ ಲಾಭ?

ಅಂಗಡ್ಯಾಗಿನ ಮಷೀನು ‘ರೂಪಾಯಿನೋ ಡಾಲರೋ’ ಅಂತ ಕೇಳ್ತು. ರೂಪಾಯಿ ಒತ್ತಿದೆ. ಛಲೋ ಆಯ್ತಲ್ಲ?

ಇಲ್ಲರಿ. ಈ ಪಟ್ಟಿಯಲ್ಲಿ ಒಂದೇ ಒಂದನ್ನು ನೆನಪಿಡುವುದಾದರೆ ಇದನ್ನೇ ನೆನಪಿಡಿ.

ಬ್ಯಾಂಕಿನಲ್ಲಿ ಮೂವತ್ತು ವರ್ಷ ಕಳೆದ ನಾನೇ ಇದರಲ್ಲಿ ಬಿದ್ದಿದ್ದೇನೆ. ಸಿಂಗಪುರದ ಸೆರಂಗೂನ್ ರಸ್ತೆಯಲ್ಲಿ ಒಂದು ಸೂಟ್‌ಕೇಸ್ ಕೊಂಡೆ, 68 ಡಾಲರ್. ಹುಡುಗ ಯಂತ್ರವನ್ನು ನನ್ನ ಕಡೆ ತಿರುಗಿಸಿದ. ಪರದೆಯ ಮೇಲೆ ಎರಡು ಸಾಲು. ಮೇಲೆ ರೂಪಾಯಿ, ಪೈಸೆ ಸಮೇತ. ಕೆಳಗೆ ಸಿಂಗಪುರ ಡಾಲರ್. ಊರು ಬಿಟ್ಟು ಐದು ದಿನವಾಗಿತ್ತು, ರೂಪಾಯಿಯ ಹೆಸರು ಕಂಡದ್ದೇ ತವರಿನ ಬಸ್ ಕಂಡಂತಾಯಿತು. ಮೇಲಿನದನ್ನೇ ಒತ್ತಿದೆ. ಹೋಟೆಲಿಗೆ ಬಂದು ಚೀಟಿ ಬಿಡಿಸಿದಾಗ, ಕನ್ನಡಕ ಹಾಕಿಕೊಂಡರೂ ಕಷ್ಟಪಟ್ಟು ಓದಬೇಕಾದ ಅಕ್ಷರದಲ್ಲಿ, ಅವರು ಹಿಡಿದ ದರ ಮತ್ತು ಅದಕ್ಕೆ ಸೇರಿಸಿದ ಅವರ ಪಾಲು ಅಚ್ಚಾಗಿತ್ತು. ಆ ದಿನದ ದರಕ್ಕೆ ಲೆಕ್ಕ ಹಾಕಿದರೆ ಸುಮಾರು 200 ರೂಪಾಯಿ ಹೆಚ್ಚು. ಅಷ್ಟಕ್ಕೇ ನಿಲ್ಲಲಿಲ್ಲ. ರೂಪಾಯಿಯಲ್ಲಿ ಕೊಟ್ಟರೂ ವ್ಯಾಪಾರಿ ಪರದೇಶದವನೇ ಅಂತ ನನ್ನ ಬ್ಯಾಂಕೂ ತನ್ನ ಶುಲ್ಕ ಹಚ್ಚಿತ್ತು.

ನಡೆಯುವುದು ಇಷ್ಟು. ಡಾಲರ್ ಒತ್ತಿದರೆ ರೂಪಾಯಿಗೆ ಪರಿವರ್ತಿಸುವುದು ವೀಸಾ, ಮಾಸ್ಟರ್‌ಕಾರ್ಡ್‌ನಂಥ ಕಾರ್ಡಿನ ಜಾಲ, ಅದರ ದರ ಮಾರುಕಟ್ಟೆ ದರಕ್ಕೆ ಹತ್ತಿರ ಇರುತ್ತದೆ. ರೂಪಾಯಿ ಒತ್ತಿದರೆ ಪರಿವರ್ತಿಸುವುದು ಅಂಗಡಿಯವನಿಗೆ ಯಂತ್ರ ಕೊಟ್ಟ ಕಂಪನಿ, ಅದು ತನಗೆ ಬೇಕಾದ ದರ ಹಾಕುತ್ತದೆ. ದುಬೈಯಲ್ಲಿ ದಿರ್ಹಾಮ್, ಸೌದಿಯಲ್ಲಿ ರಿಯಾಲ್, ಪ್ಯಾರಿಸ್ಸಿನಲ್ಲಿ ಯೂರೋ: ನಿಂತಿರುವ ನೆಲದ ನಾಣ್ಯವನ್ನೇ ಆರಿಸಿ. ಕೆಲವು ಕಡೆ ಅಂಗಡಿಯವರು ನಮ್ಮನ್ನು ಕೇಳದೆಯೇ ರೂಪಾಯಿ ಒತ್ತಿಬಿಡುತ್ತಾರೆ. ಚೀಟಿಯಲ್ಲಿ ರೂಪಾಯಿ ಕಂಡರೆ ಅಲ್ಲೇ ರದ್ದು ಮಾಡಿಸಿ ಮತ್ತೆ ತಿಕ್ಕಿಸಿ. ಸಂಕೋಚ ಬೇಡ.

ಎಟಿಎಮ್ಮಿನಲ್ಲಿ ಇದೇ ಪ್ರಶ್ನೆ ಇನ್ನೂ ನಾಜೂಕಾಗಿ ಬರುತ್ತದೆ. ‘ಈ ದರಕ್ಕೆ ಪರಿವರ್ತನೆ ಒಪ್ಪುತ್ತೀರಾ’ ಅಂತ ಕೇಳಿ ‘ಅಕ್ಸೆಪ್ಟ್’, ‘ಡಿಕ್ಲೈನ್’ ಎಂಬ ಎರಡು ಗುಂಡಿ ತೋರಿಸುತ್ತದೆ. ಡಿಕ್ಲೈನ್ ಒತ್ತಿದರೆ ರೊಕ್ಕವೇ ಬರುವುದಿಲ್ಲ ಅಂತ ಹೆದರಿ ಎಲ್ಲರೂ ಅಕ್ಸೆಪ್ಟ್ ಒತ್ತುತ್ತಾರೆ. ಡಿಕ್ಲೈನ್ ಒತ್ತಿ. ನಿರಾಕರಿಸಿದ್ದು ಅವರ ದರವನ್ನು ಮಾತ್ರ, ನೋಟು ಹೊರಗೆ ಬರುತ್ತದೆ.

ಫಾರೆಕ್ಸ್ ಕಾರ್ಡ್ ತಗೊಳ್ಳೋದು ಶಾಣ್ಯಾತನ ಅಂತಾರಲ್ಲ ಕಾಕು?

ಕೆಲವರಿಗೆ ಹೌದು. ಮೊದಲೇ ರೊಕ್ಕ ತುಂಬಿ ಒಯ್ಯುವ ಕಾರ್ಡ್ ಅದು. ತುಂಬಿದ ದಿನದ ದರ ಗಟ್ಟಿಯಾಗಿ ಉಳಿಯುತ್ತದೆ, ಆಮೇಲೆ ಡಾಲರ್ ಏರಿದರೂ ನಿಮಗೆ ತಟ್ಟುವುದಿಲ್ಲ. ಇಳಿದರೆ ಲಾಭವೂ ಇಲ್ಲ. ನಿಮ್ಮ ಉಳಿತಾಯ ಖಾತೆಗೂ ಅದಕ್ಕೂ ನೇರ ಕೊಂಡಿಯಿಲ್ಲ. ಹಾಗಾಗಿ ಕಳ್ಳರ ಕೈಗೆ ಸಿಕ್ಕರೂ ಹೋಗುವುದು ತುಂಬಿದಷ್ಟೇ. ಕಾಲೇಜಿಗೆ ಹೋಗುವ ಮಕ್ಕಳಿಗೆ, ಮೊದಲ ಸಲ ಹೊರಟ ಹಿರಿಯರಿಗೆ ನಾನು ಇದನ್ನೇ ಹೇಳುವುದು. ಖರ್ಚಾದರೆ ಮನೆಯವರು ಇಲ್ಲಿಂದಲೇ ಮತ್ತೆ ತುಂಬಬಹುದು.

ಎಡವುವುದು ಒಂದು ಜಾಗದಲ್ಲಿ. ಕಾರ್ಡಿನೊಳಗೆ ಡಾಲರ್ ತುಂಬಿ ಥಾಯ್ಲೆಂಡಿನಲ್ಲಿ ಬಾತ್ ಖರ್ಚು ಮಾಡಿದರೆ ಒಂದು ನಾಣ್ಯದಿಂದ ಇನ್ನೊಂದಕ್ಕೆ ಬದಲಿಸಿದ ಶುಲ್ಕ ಬೇರೆ ಬೀಳುತ್ತದೆ. ರೂಪಾಯಿಯಿಂದ ಡಾಲರಿಗೆ ಒಮ್ಮೆ, ಡಾಲರಿನಿಂದ ಬಾತ್‌ಗೆ ಇನ್ನೊಮ್ಮೆ ಸವೆಯುತ್ತದೆ. ಹೋಗುವ ದೇಶದ ನಾಣ್ಯ ಆ ಕಾರ್ಡಿನಲ್ಲಿ ತುಂಬಲು ಬರುತ್ತದೆಯೇ ಎಂದು ಮೊದಲು ಕೇಳಿ. ಬಾರದಿದ್ದರೆ ಕಡಿಮೆ ಮಾರ್ಕಪ್ಪಿನ ಕ್ರೆಡಿಟ್ ಕಾರ್ಡೇ ವಾಸಿ.

ಕಾರ್ಡ್ ಮಾಡಿಸಲು ಪಾಸ್‌ಪೋರ್ಟ್, ಪ್ಯಾನ್, ವೀಸಾ, ಟಿಕೆಟ್ ಕೇಳುತ್ತಾರೆ, ಎ2 ಎಂಬ ಅರ್ಜಿಗೆ ಸಹಿ ಹಾಕಿಸುತ್ತಾರೆ. ನಮ್ಮ ಊರಿನ ಎಲ್ಲ ಶಾಖೆಗಳಲ್ಲೂ ಈ ಕೆಲಸ ಗೊತ್ತಿರುವವರು ಇರುವುದಿಲ್ಲ. ಒಂದು ವಾರ ಮೊದಲೇ ಹೋಗಿ.

ಅಲ್ಲಿ ಎಟಿಎಮ್ಮಿನ್ಯಾಗ ತೆಗೆದ್ರಾಯ್ತಲ್ಲ, ನೋಟು ಯಾಕ ಹೊರಬೇಕು?

ತೆಗೆಯಬಹುದು, ಆದರೆ ಪ್ರತಿ ಸಲವೂ ಶುಲ್ಕ. ನಿಮ್ಮ ಬ್ಯಾಂಕಿನದು ಒಂದು, ಕೆಲವು ದೇಶಗಳಲ್ಲಿ ಎಟಿಎಂ ಇಟ್ಟವರದು ಇನ್ನೊಂದು. ಥಾಯ್ಲೆಂಡಿನಲ್ಲಿ ಪರದೇಶಿ ಕಾರ್ಡಿಗೆ ಪ್ರತಿ ಸಲ ಎರಡು ನೂರಕ್ಕೂ ಹೆಚ್ಚು ಬಾತ್ ಹಿಡಿಯುತ್ತಾರೆ. ದಿನಕ್ಕೊಮ್ಮೆ ಸಾವಿರ ಸಾವಿರ ಬಾತ್ ತೆಗೆದರೆ ಐದರಲ್ಲೊಂದು ಪಾಲು ಯಂತ್ರಕ್ಕೇ ಹೋಯಿತು. ತೆಗೆಯುವುದಾದರೆ ಒಮ್ಮೆಲೇ ತೆಗೆಯಿರಿ.

ಕ್ರೆಡಿಟ್ ಕಾರ್ಡಿನಿಂದ ಮಾತ್ರ ನಗದು ತೆಗೆಯಬೇಡಿ. ತೆಗೆದ ಶುಲ್ಕದ ಜೊತೆಗೆ ಅದೇ ದಿನದಿಂದ ಬಡ್ಡಿ ಓಡಲು ಶುರುವಾಗುತ್ತದೆ. ಖರೀದಿಗೆ ಸಿಗುವ ಬಡ್ಡಿಯಿಲ್ಲದ ದಿನಗಳು ಇದಕ್ಕಿಲ್ಲ.

ನಗದು ಎಷ್ಟು ಒಯ್ಯಬಹುದು? ಎಲ್ಲಿ ಕೊಳ್ಳಬೇಕು?

ಬಹುತೇಕ ದೇಶಗಳಿಗೆ ಒಂದು ಪ್ರಯಾಣಕ್ಕೆ 3,000 ಅಮೆರಿಕನ್ ಡಾಲರ್ ಬೆಲೆಯ ಪರದೇಶಿ ನೋಟು. ಅದಕ್ಕೂ ಮೇಲೆ ಬೇಕೆಂದರೆ ಕಾರ್ಡಿನಲ್ಲಿ ಒಯ್ಯಬೇಕು. ನಮ್ಮ ರೂಪಾಯಿ ನೋಟು 25,000ದವರೆಗೆ ಜೊತೆಗಿರಬಹುದು. ವಾಪಸ್ ಬಂದು ಟ್ಯಾಕ್ಸಿಗೆ ಅಂತ ಒಂದೆರಡು ಸಾವಿರ ಇಟ್ಟುಕೊಂಡರೆ ಸಾಕು.

ಕೊಳ್ಳುವುದು ಬ್ಯಾಂಕಿನಲ್ಲಿ, ಇಲ್ಲವೇ ರಿಸರ್ವ್ ಬ್ಯಾಂಕಿನ ಪರವಾನಗಿ ಇರುವ ಹಣ ವಿನಿಮಯದವರಲ್ಲಿ. ರೂಪಾಯಿ ನಗದು ಎಣಿಸಿಕೊಟ್ಟು ಕೊಳ್ಳಲು ಮಿತಿ 50,000, ಅದಕ್ಕೂ ಹೆಚ್ಚಾದರೆ ಚೆಕ್ಕು ಅಥವಾ ಖಾತೆಯಿಂದ ಕೊಡಬೇಕು. ವಿನಿಮಯಕ್ಕೂ ಜಿಎಸ್‌ಟಿ ಇದೆ, ಆದರೆ ಪೂರ್ತಿ ಮೊತ್ತದ ಮೇಲಲ್ಲ. 50,000 ರೂಪಾಯಿಯ ನೋಟು ಕೊಂಡರೆ ತೆರಿಗೆ 90 ರೂಪಾಯಿ. ಯಾರಾದರೂ 9,000 ಅಂದರೆ ಎದ್ದು ಬನ್ನಿ.

ಶುಲ್ಕಕ್ಕಿಂತ ದರದಲ್ಲೇ ಹೆಚ್ಚು ಹೋಗುತ್ತದೆ. ಬೋರ್ಡಿನ ಮೇಲೆ ಎರಡು ಸಾಲು ಇರುತ್ತದೆ, ಅವರು ಕೊಳ್ಳುವ ದರ ಒಂದು, ಮಾರುವ ದರ ಒಂದು. ಎರಡರ ನಡುವೆ ಅಂತರ ಹೆಚ್ಚಿದಷ್ಟೂ ನಿಮ್ಮ ಚೀಲ ಹಗುರ. ವಿಮಾನ ನಿಲ್ದಾಣದ ಕೌಂಟರಿನಲ್ಲಿ ಈ ಅಂತರ ಕಣ್ಣಿಗೆ ಹೊಡೆಯುವಂತಿರುತ್ತದೆ. ‘ಕಮಿಷನ್ ಇಲ್ಲ’ ಎಂಬ ಫಲಕ ತೂಗುಹಾಕಿದವರು ದರದಲ್ಲಿ ತೆಗೆದುಕೊಳ್ಳುತ್ತಾರೆ, ಅಷ್ಟೇ. ಮೊದಲ ದಿನದ ಟ್ಯಾಕ್ಸಿ, ನೀರು, ಊಟಕ್ಕೆ ಬೇಕಾದ ನೋಟನ್ನು ಊರಲ್ಲೇ ಕೊಂಡು ಹೊರಡಿ. ಇಲ್ಲಿಯ ಶಾಖೆಗಳು ಎಲ್ಲ ನಾಣ್ಯ ಇಟ್ಟಿರುವುದಿಲ್ಲ, ತರಿಸಿಕೊಡುತ್ತಾರೆ. ಮೂರು ನಾಲ್ಕು ದಿನ ಕೈಯಲ್ಲಿರಲಿ.

ನೋಟು ಎಣಿಸುವಾಗ ಪ್ರತಿಯೊಂದನ್ನೂ ತಿರುವಿ ನೋಡಿ. ಪೆನ್ನಿನಲ್ಲಿ ಬರೆದ, ಶಿಕ್ಕಾ ಬಿದ್ದ, ಅಂಚು ಹರಿದ ಡಾಲರನ್ನು ಎಷ್ಟೋ ದೇಶಗಳಲ್ಲಿ ಮುಟ್ಟುವುದಿಲ್ಲ. ನಮ್ಮಲ್ಲಿ ನೋಟಿನ ಮೇಲೆ ಲೆಕ್ಕ ಬರೆಯುವ ರೂಢಿ ಇದೆಯಲ್ಲ, ಡಾಲರಿನ ಮೇಲೆ ಆ ಕೆಲಸ ಬೇಡ. ಎಲ್ಲ ನೂರರ ನೋಟೇ ಬೇಡ, ಹತ್ತು ಇಪ್ಪತ್ತರವೂ ಇರಲಿ. ರಸೀದಿ ಇಸಿದುಕೊಳ್ಳಿ, ಪ್ರವಾಸ ಮುಗಿಯುವವರೆಗೆ ಜೋಪಾನ.

ನಮ್ಮ ಪೈಕಿ ಒಬ್ರು ರಿಯಾಲ್ ಇಟ್ಟಾರ, ರೇಟ್ ಛಲೋ ಕೊಡ್ತಾರ. ತಗೊಳ್ಳಲೇನು?

ಬೇಡ. ಗಲ್ಫ್‌ನಿಂದ ಬಂದವರ ಮನೆಯಲ್ಲಿ ಉಳಿದ ರಿಯಾಲ್, ದಿರ್ಹಾಮ್ ನಮ್ಮ ಕಡೆ ಬಹಳ, ‘ಅಲ್ಲಿ ರೊಕ್ಕ ಕೊಡಿಸ್ತೀವಿ, ಇಲ್ಲಿ ಕೊಡ್ರಿ’ ಅನ್ನುವವರೂ ಇದ್ದಾರೆ. ಪರವಾನಗಿ ಇಲ್ಲದವರೊಂದಿಗೆ ಪರದೇಶಿ ಹಣದ ವ್ಯವಹಾರ ಫೆಮಾ ಎಂಬ ವಿದೇಶಿ ವಿನಿಮಯ ಕಾನೂನಿಗೆ ವಿರುದ್ಧ. ನೋಟು ಖೋಟಾ ಆಗಿದ್ದರೆ ಯಾರನ್ನು ಕೇಳುತ್ತೀರಿ? ಕಸ್ಟಮ್ಸ್‌ನವರು ‘ಎಲ್ಲಿಂದ ಬಂತು’ ಅಂದರೆ ರಸೀದಿ ಎಲ್ಲಿದೆ? ನೂರಕ್ಕೆ ಒಂದು ರೂಪಾಯಿ ಉಳಿಸಲು ಹೋಗಿ ಜೆಡ್ಡಾದ ವಿಮಾನ ತಪ್ಪಿಸಿಕೊಳ್ಳಬೇಡಿ.

ಆಪಾ, ಉಮ್ರಾಕ್ಕೆ ಹೊಂಟೀವಿ. ನಮಗ ಏನು ಹೇಳ್ತೀರಿ?

ರೋಜಾ ಕಡೆಯಿಂದ, ಬೀದರಿನಿಂದ, ಶಹಾಪುರದಿಂದ ಈ ಪ್ರಶ್ನೆ ವರ್ಷವಿಡೀ ಬರುತ್ತದೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಸೌದಿ ರಿಯಾಲ್ ಡಾಲರಿಗೆ ಕಟ್ಟಿದ ನಾಣ್ಯ, ಒಂದು ಡಾಲರಿಗೆ 3.75 ರಿಯಾಲ್. ಯುಎಇ ದಿರ್ಹಾಮ್ ಕೂಡ ಹಾಗೆಯೇ, 3.67ರ ಹತ್ತಿರ. ಆದ್ದರಿಂದ ಇಲ್ಲಿ ರಿಯಾಲ್ ಸಿಗದೆ ಡಾಲರ್ ಒಯ್ದರೂ ಅಲ್ಲಿ ದರ ಏರಿಳಿಯುವ ಭಯವಿಲ್ಲ, ಬದಲಿಸುವ ಖರ್ಚು ಮಾತ್ರ. ಆದರೂ ನೇರ ರಿಯಾಲ್ ಸಿಕ್ಕರೆ ಅದೇ ಒಳ್ಳೆಯದು.

ಹಜ್, ಉಮ್ರಾಕ್ಕೆ ಹೋಗುವವರಿಗೆ 3,000 ಡಾಲರಿನ ನಗದು ಮಿತಿಯಲ್ಲಿ ಸಡಿಲಿಕೆ ಇದೆ. ಇದೆ ಅಂತ ಎಲ್ಲವನ್ನೂ ನೋಟಿನಲ್ಲಿ ಒಯ್ಯಬೇಡಿ. ಮೊದಲು ಹಜ್ ಸಮಿತಿಯ ಮೂಲಕ ಹೋಗುವವರಿಗೆ ಹೊರಡುವ ನಿಲ್ದಾಣದಲ್ಲೇ 2,100 ರಿಯಾಲ್ ಕೈಗೆ ಕೊಡುತ್ತಿದ್ದರು. 2023ರಿಂದ ಅದು ನಿಂತಿದೆ. ಹಳೆಯ ಹಾಜಿಗಳು ‘ಅಲ್ಲೇ ಕೊಡ್ತಾರ, ಚಿಂತಿ ಬ್ಯಾಡ’ ಅಂದದ್ದನ್ನು ನಂಬಿ ಖಾಲಿ ಕೈಯಲ್ಲಿ ಹೋಗಬೇಡಿ.

ಮಕ್ಕಾ, ಮದೀನಾದ ಹೋಟೆಲು, ಔಷಧಿ ಅಂಗಡಿ, ದೊಡ್ಡ ಮಳಿಗೆಗಳಲ್ಲಿ ಕಾರ್ಡ್ ಧಾರಾಳವಾಗಿ ನಡೆಯುತ್ತದೆ. ಬೀದಿಯ ಚಹಾ, ತಸ್ಬೀ ಜಪಮಾಲೆ, ಟೋಪಿ, ಖರ್ಜೂರದ ಗಾಡಿ, ಸದಖಾ ಅಂದರೆ ದಾನ, ಇವಕ್ಕೆ ಐದು ಹತ್ತು ರಿಯಾಲಿನ ಚಿಲ್ಲರೆ ಬೇಕು. ಐನೂರರ ನೋಟು ಕೊಟ್ಟರೆ ಮುಖ ನೋಡುತ್ತಾರೆ.

ಇನ್ನು ಇಟ್ಟುಕೊಳ್ಳುವುದೆಲ್ಲಿ? ಗಂಡಸರ ಇಹ್ರಾಮ್ ಹೊಲಿಗೆಯಿಲ್ಲದ ಎರಡು ಬಟ್ಟೆ, ಜೇಬೇ ಇಲ್ಲ. ಸೊಂಟಕ್ಕೆ ಕಟ್ಟುವ ಜಿಪ್ಪಿನ ಪಟ್ಟಿ ಇಲ್ಲೇ ಕೊಳ್ಳಿ. ಕಟ್ಟುವಾಗ ಜಿಪ್ಪು ಹೊಟ್ಟೆಯ ಕಡೆ ಬರಬೇಕು, ಬೆನ್ನ ಕಡೆ ಬಂದರೆ ಕಾಬಾ ಸುತ್ತುವ ತವಾಫಿನ ನೂಕುನುಗ್ಗಲಲ್ಲಿ ಯಾರ ಕೈ ಎಲ್ಲಿ ಹೋಯಿತೆಂದು ತಿಳಿಯದು. ಆ ದಿನಕ್ಕೆ ಬೇಕಾದಷ್ಟು ರಿಯಾಲ್ ಮತ್ತು ಒಂದು ಕಾರ್ಡ್ ಮಾತ್ರ ಅದರೊಳಗೆ. ಇನ್ನೊಂದು ಕಾರ್ಡ್, ಉಳಿದ ನೋಟು ಕೋಣೆಯಲ್ಲಿ ಬೀಗ ಹಾಕಿದ ಸೂಟ್‌ಕೇಸಿನಲ್ಲಿ. ಗಂಡ ಹೆಂಡತಿ ಇಬ್ಬರೂ ಹೊರಟಿದ್ದರೆ ರೊಕ್ಕ ಇಬ್ಬರಲ್ಲೂ ಇರಲಿ. ನಮ್ಮ ಗಂಡಸರು ಎಲ್ಲವನ್ನೂ ತಾವೇ ಕಟ್ಟಿಕೊಳ್ಳುತ್ತಾರೆ. ಜನಜಂಗುಳಿಯಲ್ಲಿ ಇಬ್ಬರೂ ಅಗಲಿದರೆ ಹೆಣ್ಣುಮಗಳ ಹತ್ತಿರ ಟ್ಯಾಕ್ಸಿಗೂ ಕಾಸಿಲ್ಲ.

ಫೋನ್‌ಪೇ, ಗೂಗಲ್‌ಪೇ ಅಲ್ಲಿ ನಡೀತಾವೇನ್ರಿ?

ಕೆಲವು ದೇಶಗಳ ಕೆಲವು ಅಂಗಡಿಗಳಲ್ಲಿ. ಭೂತಾನ್ 2021ರಲ್ಲಿ ಮೊದಲು ಶುರು ಮಾಡಿತು. ಆಮೇಲೆ ನೇಪಾಳ, ಯುಎಇ, ಸಿಂಗಪುರ, ಶ್ರೀಲಂಕಾ, ಮಾರಿಷಸ್, ಫ್ರಾನ್ಸ್ ಸೇರಿದವು. ಪ್ಯಾರಿಸ್ಸಿನ ಐಫೆಲ್ ಗೋಪುರದ ಟಿಕೆಟನ್ನೂ ಯುಪಿಐಯಲ್ಲಿ ಕೊಳ್ಳಬಹುದು. ಆದರೆ ಕಲಬುರಗಿಯಲ್ಲಿ ಸೊಪ್ಪು ಮಾರುವ ಅವ್ವನ ಬುಟ್ಟಿಗೂ ಕ್ಯೂಆರ್ ಅಂಟಿಸಿದ್ದಾರೆ ಅಂತ ಅಲ್ಲೂ ಹಾಗೆ ಇರುತ್ತದೆ ಅಂದುಕೊಳ್ಳಬೇಡಿ. ಆ್ಯಪ್‌ನಲ್ಲಿ ‘ಯುಪಿಐ ಇಂಟರ್‌ನ್ಯಾಷನಲ್’ ಅನ್ನು ಮೊದಲೇ ಚಾಲೂ ಮಾಡಬೇಕು. ರೂಪಾಯಿಯಲ್ಲಿ ಕಡಿತವಾದರೂ ಪರಿವರ್ತನೆಯ ದರ, ಶುಲ್ಕ ಅದರೊಳಗೇ ಇರುತ್ತದೆ. ಸಿಕ್ಕ ಕಡೆ ಬಳಸಿ, ನೆಚ್ಚಿಕೊಂಡು ಹೋಗಬೇಡಿ.

ಲುಂಬಿನಿ, ಮುಕ್ತಿನಾಥಕ್ಕೆ ಹೊಂಟೀವಿ. ನೇಪಾಳಕ್ಕ ಏನು ಬೇಕು?

ನಮ್ಮ 100 ರೂಪಾಯಿ ನೋಟಿನ ಕಟ್ಟು. ನಮ್ಮ ಒಂದು ರೂಪಾಯಿಗೆ ಅವರ 1.60 ರೂಪಾಯಿ, ಇದು ಕಟ್ಟಿಟ್ಟ ದರ. ದೊಡ್ಡ ನೋಟಿಗೆ ಅಲ್ಲಿ ಬಹಳ ವರ್ಷ ನಿರ್ಬಂಧ ಇದ್ದುದರಿಂದ ಅಂಗಡಿಯವರು ಐನೂರರ ನೋಟಿಗೆ ಹಿಂಜರಿಯುತ್ತಾರೆ. ಕಾಠ್ಮಂಡು, ಪೋಖರಾದ ಅಂಗಡಿಗಳಲ್ಲಿ ಯುಪಿಐ ಸಿಗುತ್ತದೆ. ಮುಕ್ತಿನಾಥದ ದಾರಿಯಲ್ಲಿ ನೆಟ್‌ವರ್ಕ್ ಎಲ್ಲ ಕಡೆ ಸಿಗದು, ಎಟಿಎಮ್ಮೂ ಅಪರೂಪ, ನೋಟೇ ಗತಿ. ಬೆಲೆ ಕೇಳುವಾಗ ‘ಐಸಿನೋ ಎನ್‌ಸಿನೋ’ ಅಂತ ಕೇಳಿ. ಐಸಿ ಅಂದರೆ ನಮ್ಮ ರೂಪಾಯಿ, ಎನ್‌ಸಿ ಅಂದರೆ ಅವರದು. ಕೇಳದೆ ಕೊಟ್ಟರೆ ಒಂದೂವರೆ ಪಟ್ಟು ಕೊಟ್ಟಂತೆ.

ಭೂತಾನಿನ ನಾಣ್ಯ ನಮ್ಮ ರೂಪಾಯಿಗೆ ಸರಿಸಮ. ಅಲ್ಲಿ ಲೆಕ್ಕದ ತಲೆನೋವಿಲ್ಲ.

ಮಗ ರಷ್ಯಾಕ್ಕ ಎಂಬಿಬಿಎಸ್‌ಗೆ ಹೋಗ್ಯಾನ. ನೋಡಲಿಕ್ಕೆ ಹೋಗಬೇಕು. ವೀಸಾ ಕಾರ್ಡ್ ಸಾಕಲ್ಲ?

ಸಾಲದು, ನಡೆಯುವುದೇ ಇಲ್ಲ. 2022ರ ಮಾರ್ಚಿನಿಂದ ರಷ್ಯಾದ ಹೊರಗೆ ಕೊಟ್ಟ ವೀಸಾ, ಮಾಸ್ಟರ್‌ಕಾರ್ಡ್ ಅಲ್ಲಿ ಕೆಲಸ ಮಾಡುತ್ತಿಲ್ಲ. ಡಾಲರ್ ಅಥವಾ ಯೂರೋ ನೋಟು ಒಯ್ದು ಅಲ್ಲಿಯ ಬ್ಯಾಂಕಿನಲ್ಲಿ ರೂಬಲ್ ಮಾಡಿಸಬೇಕು. ಹೋಟೆಲನ್ನು ಇಲ್ಲಿಂದಲೇ ಏಜೆಂಟರ ಮೂಲಕ ಕಟ್ಟಿ ಹೋಗಿ. ಇರಾನಿಗೆ ಜಿಯಾರತ್ ಯಾತ್ರೆಗೆ ಹೋಗುವವರಿಗೂ ಇದೇ ಕಥೆ, ನಮ್ಮ ಯಾವ ಕಾರ್ಡೂ ಅಲ್ಲಿ ನಡೆಯದು.

ಚೀನಾಕ್ಕೆ ಮಾಲು ತರಲು ಹೋಗುವ ವ್ಯಾಪಾರಿಗಳು ಅಲಿಪೇ ಆ್ಯಪ್ ಇಳಿಸಿಕೊಂಡು ಅದಕ್ಕೆ ವೀಸಾ ಅಥವಾ ಮಾಸ್ಟರ್‌ಕಾರ್ಡ್ ಜೋಡಿಸಿಕೊಳ್ಳಿ. 200 ಯುವಾನ್ ಒಳಗಿನ ಖರ್ಚಿಗೆ ಅವರ ಶುಲ್ಕವಿಲ್ಲ, ಮೇಲಾದರೆ ಶೇ. 3. ಇದನ್ನೂ ಒಟಿಪಿ ಬರುವ ಊರಲ್ಲೇ ಮಾಡಿ ಮುಗಿಸಿ.

ಹೋಟೆಲ್‌ನವ್ರು ರೂಮ್ ಕೊಡೋ ಮೊದ್ಲೇ ಕಾರ್ಡ್ ತಿಕ್ಕಿ ರೊಕ್ಕ ಹಿಡಿದ್ರು. ಮೋಸ ಏನ್ರಿ?

ಅಲ್ಲ, ಅದು ಡಿಪಾಸಿಟ್. ಕೋಣೆಯಲ್ಲಿ ಏನಾದರೂ ಮುರಿದರೆ ಅಂತ ಒಂದಿಷ್ಟು ತಡೆಹಿಡಿಯುತ್ತಾರೆ. ಕ್ರೆಡಿಟ್ ಕಾರ್ಡಾದರೆ ಮಿತಿಯಲ್ಲಿ ಅಷ್ಟು ಕಡಿಮೆಯಾಗುತ್ತದೆ, ಆಮೇಲೆ ಬಿಡುಗಡೆ. ಡೆಬಿಟ್ ಅಥವಾ ಫಾರೆಕ್ಸ್ ಕಾರ್ಡ್ ಕೊಟ್ಟರೆ ನಿಮ್ಮ ಸ್ವಂತ ರೊಕ್ಕವೇ ಸಿಕ್ಕಿಕೊಳ್ಳುತ್ತದೆ, ವಾಪಸ್ ಬರಲು ದಿನಗಟ್ಟಲೆ ಬೇಕು. ಹೋಟೆಲಿಗೆ, ಬಾಡಿಗೆ ಕಾರಿಗೆ ಕ್ರೆಡಿಟ್ ಕಾರ್ಡನ್ನೇ ಕೊಡಿ.

ಟಿಸಿಎಸ್ ಅಂತ ಶೇ. 20 ಹಿಡೀತಾರಂತ?

ಎಲ್ಲರಿಗೂ ಅಲ್ಲ. ಟಿಸಿಎಸ್ ಅಂದರೆ ನಾವು ರೊಕ್ಕ ಕೊಡುವಾಗಲೇ ಮುಂಗಡವಾಗಿ ಹಿಡಿದುಕೊಳ್ಳುವ ಆದಾಯ ತೆರಿಗೆ. 2025ರ ಏಪ್ರಿಲ್‌ನಿಂದ ಒಬ್ಬರಿಗೆ ಒಂದು ಹಣಕಾಸು ವರ್ಷದಲ್ಲಿ 10 ಲಕ್ಷ ರೂಪಾಯಿವರೆಗೆ ಪರದೇಶಿ ಹಣ ಕೊಂಡರೆ, ಕಾರ್ಡಿಗೆ ತುಂಬಿದರೆ ಹಿಡಿಯುವುದಿಲ್ಲ. ಪ್ರವಾಸಕ್ಕೆಂದು 12 ಲಕ್ಷ ಆದರೆ ಮೇಲಿನ 2 ಲಕ್ಷಕ್ಕೆ ಶೇ. 20, ಅಂದರೆ 40,000. ಅದೂ ಹೋದ ರೊಕ್ಕವಲ್ಲ, ರಿಟರ್ನ್ ಸಲ್ಲಿಸುವಾಗ ತೆರಿಗೆಗೆ ಹೊಂದಿಸಿಕೊಳ್ಳಬಹುದು ಅಥವಾ ವಾಪಸ್ ಪಡೆಯಬಹುದು. ಪರದೇಶದಲ್ಲಿ ನಿಂತು ಕ್ರೆಡಿಟ್ ಕಾರ್ಡ್ ತಿಕ್ಕಿದ ಖರ್ಚನ್ನು ಸದ್ಯಕ್ಕೆ ಈ ಲೆಕ್ಕಕ್ಕೆ ಸೇರಿಸುತ್ತಿಲ್ಲ. ಏಜೆಂಟರ ಪ್ಯಾಕೇಜ್ ಟೂರಿಗೆ ಮಾತ್ರ ಮೊದಲ ರೂಪಾಯಿಯಿಂದಲೇ ಟಿಸಿಎಸ್ ಇದೆ, ಅದರ ದರ ಬಜೆಟ್ಟಿನಲ್ಲಿ ಬದಲಾಗುತ್ತಿರುತ್ತದೆ. ಬಿಲ್ಲಿನಲ್ಲಿ ಅದನ್ನು ಬೇರೆ ಸಾಲಿನಲ್ಲಿ ತೋರಿಸಲು ಹೇಳಿ, ನಿಮ್ಮ ಪ್ಯಾನ್ ನಂಬರು ಸರಿಯಾಗಿ ಕೊಡಿ.

ಕಾರ್ಡ್ ಕಳೀತು ಅಂದ್ರ?

ಆ್ಯಪ್ ತೆಗೆದು ಆ ಕ್ಷಣವೇ ಬಂದ್ ಮಾಡಿ, ಹುಡುಕುವುದು ಆಮೇಲೆ. ಕಾರ್ಡಿನ ಹಿಂದಿರುವ 1800 ನಂಬರು ಪರದೇಶದಿಂದ ಎಷ್ಟೋ ಸಲ ಹತ್ತುವುದೇ ಇಲ್ಲ. 91ರಿಂದ ಶುರುವಾಗುವ ನಂಬರನ್ನು ಬ್ಯಾಂಕಿನಿಂದ ಕೇಳಿ, ಒಂದು ಚೀಟಿಯಲ್ಲಿ ಬರೆದು ಪಾಸ್‌ಪೋರ್ಟಿನ ಹೊದಿಕೆಯಲ್ಲಿ ಇಡಿ. ಫೋನಿನಲ್ಲಿ ಮಾತ್ರ ಇಟ್ಟರೆ ಫೋನೂ ಕಳೆದ ದಿನ ಏನು ಮಾಡುತ್ತೀರಿ?

ನಿಮ್ಮ ತಪ್ಪಿಲ್ಲದೆ ಬೇರೆಯವರು ರೊಕ್ಕ ಎಳೆದಿದ್ದರೆ, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದವರಿಗೆ ನಷ್ಟ ಹೊರಿಸಬಾರದು ಅಂತ ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಹೇಳುತ್ತದೆ. ಪಿನ್ ಬರೆದ ಚೀಟಿಯನ್ನು ಕಾರ್ಡಿನ ಜೊತೆಗೇ ಇಟ್ಟಿದ್ದರೆ ಆ ರಕ್ಷಣೆ ಸಿಗದು. ಪರದೇಶದ ವೆಬ್‌ಸೈಟುಗಳು ಎಷ್ಟೋ ಸಲ ಒಟಿಪಿ ಕೇಳದೆಯೇ ರೊಕ್ಕ ತೆಗೆಯುತ್ತವೆ. ಹಾಗಾಗಿ ಊರಿಗೆ ಬಂದ ದಿನವೇ ಪರದೇಶದ ಗುಂಡಿಯನ್ನು ಆಫ್ ಮಾಡಿ.

ಟ್ರಾವೆಲರ್ಸ್ ಚೆಕ್ ಒಯ್ಯಲೇನು?

ಅದರ ಕಾಲ ಮುಗಿಯಿತು. ಅಲ್ಲಿ ಅದನ್ನು ಮುರಿಸಿಕೊಡುವ ಅಂಗಡಿ ಹುಡುಕುವುದರಲ್ಲೇ ಒಂದು ದಿನ ಹೋದೀತು.

ಉಳಿದ ನೋಟು, ಚಿಲ್ಲರೆ ಏನು ಮಾಡಲಿ?

2,000 ಡಾಲರ್ ಬೆಲೆಯವರೆಗಿನ ಪರದೇಶಿ ನೋಟನ್ನು ಮುಂದಿನ ಪ್ರವಾಸಕ್ಕೆಂದು ಮನೆಯಲ್ಲಿ ಇಟ್ಟುಕೊಳ್ಳಬಹುದು. ಅದಕ್ಕೂ ಹೆಚ್ಚಿನದನ್ನು ಬಂದ 180 ದಿನಗಳೊಳಗೆ ಬ್ಯಾಂಕಿಗೋ ವಿನಿಮಯದವರಿಗೋ ಮಾರಬೇಕು. ಫಾರೆಕ್ಸ್ ಕಾರ್ಡಿನಲ್ಲಿ ಉಳಿದದ್ದನ್ನೂ ಖಾತೆಗೆ ಹಾಕಿಸಿಕೊಳ್ಳಿ. ಬಳಸದೆ ಬಿಟ್ಟರೆ ಕೆಲವು ಕಾರ್ಡುಗಳು ಅದಕ್ಕೂ ಶುಲ್ಕ ಹಿಡಿಯುತ್ತವೆ.

ಚಿಲ್ಲರೆ ನಾಣ್ಯವನ್ನು ಇಲ್ಲಿ ಯಾರೂ ಕೊಳ್ಳುವುದಿಲ್ಲ. ವಾಪಸ್ ಹೊರಡುವ ದಿನ ನಿಲ್ದಾಣದ ಅಂಗಡಿಯಲ್ಲಿ ಎಲ್ಲ ನಾಣ್ಯ ಸುರಿದು, ಸಾಲದ್ದಕ್ಕೆ ಕಾರ್ಡ್ ತಿಕ್ಕಿ ಒಂದು ಚಾಕೊಲೇಟ್ ಡಬ್ಬಿ ಕೊಂಡುಬಿಡಿ. ನನ್ನದಂತೂ ಆಗಲಿಲ್ಲ. ಸಿಂಗಪುರದ ಹನ್ನೊಂದು ನಾಣ್ಯ ಬಿಸ್ಕತ್ತಿನ ಡಬ್ಬಿಯಲ್ಲಿ ಬಿದ್ದಿವೆ, ಮೊಮ್ಮಗ ಅವುಗಳಿಂದ ಕೇರಂ ಆಡುತ್ತಾನೆ.